ಗಂಡಸರ ಮೈಗೂದಲು: ಚಿಮಟ, ಹರಿತಾಳ, ಕತ್ತಿ

ಶ್ರೂಸ್‌ಬರಿ ಪಟ್ಟಣದಿಂದ ಐದಾರು ಮೈಲಿ ದೂರದಲ್ಲಿ ರಾಕ್ಸಿಟರ್ ಎಂಬ ಪುಟ್ಟ ಹಳ್ಳಿಯೊಂದಿದೆ. ರೋಮನರು ಈ ದ್ವೀಪವನ್ನು ಆಳುತ್ತಿದ್ದ ಕಾಲದಲ್ಲಿ ಅದು ಹಳ್ಳಿಯಾಗಿರಲಿಲ್ಲ. ವಿರೊಕೋನಿಯಮ್ ಎಂಬ ಹೆಸರಿನ ದೊಡ್ಡ ಪಟ್ಟಣವಾಗಿತ್ತು. ಅಲ್ಲಿನ ಸಾರ್ವಜನಿಕ ಸ್ನಾನಗೃಹದ ಎತ್ತರದ ಗೋಡೆಯೊಂದು ಇಂದಿಗೂ ಹೊಲದ ನಡುವೆ ನಿಂತಿದೆ. 2023ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯವರು ಅಲ್ಲಿಯ ವಸ್ತುಸಂಗ್ರಹಾಲಯವನ್ನು ಹೊಸದಾಗಿ ಜೋಡಿಸಿ ತೆರೆದಾಗ, ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಚಿನ್ನವೂ ಅಲ್ಲ, ಶಿಲ್ಪವೂ ಅಲ್ಲ. ನೆಲದಿಂದ ಅಗೆದು ತೆಗೆದ ಐವತ್ತಕ್ಕೂ ಹೆಚ್ಚು ಚಿಮಟಗಳು! ನಮ್ಮ ಅಜ್ಜಂದಿರು ಉಡಿದಾರಕ್ಕೋ ಜನಿವಾರಕ್ಕೋ ಕಟ್ಟಿಕೊಳ್ಳುತ್ತಿದ್ದ ಮುಳ್ಳು ತೆಗೆಯುವ ಚಿಮಟವನ್ನು ನೋಡಿದವರಿಗೆ ಇವು ಅಪರಿಚಿತವೆನಿಸುವುದಿಲ್ಲ. ಆದರೆ ಇವುಗಳ ಕೆಲಸ ಮುಳ್ಳು ಕೀಳುವುದಲ್ಲ, ಮೈಮೇಲಿನ ಕೂದಲು ಕೀಳುವುದು. ಹೆಂಗಸರದಷ್ಟೇ ಅಲ್ಲ, ಗಂಡಸರದೂ ಹೌದು.

ವಿಷಯದ ಹೆಸರು ಕೇಳಿದೊಡನೆ ಕೆಲವು ಹಿರಿಯರು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೇನು ಎನ್ನಬಹುದು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಬಾಗಿಲು ಗಂಟೆಗಟ್ಟಲೆ ತೆರೆಯದಿರುವುದಕ್ಕೆ ಈಗ ಹೆಣ್ಣುಮಕ್ಕಳು ಮಾತ್ರ ಕಾರಣರಲ್ಲ. ಜಿಮ್ಮಿಗೆ ಹೋಗುವ ಹುಡುಗ ಎದೆಯ ಕೂದಲನ್ನು ತೆಗೆದುಕೊಂಡು ಬಂದರೆ, "ಇದೆಲ್ಲ ಈ ದೇಶದ ಗಾಳಿ" ಎಂದು ತಂದೆ ಗೊಣಗುವುದುಂಟು. ಗಾಳಿ ಈ ದೇಶದ್ದೂ ಅಲ್ಲ, ಈ ಕಾಲದ್ದೂ ಅಲ್ಲ ಎಂಬುದನ್ನು ಹೇಳಲಿಕ್ಕಾದರೂ ನಾಲ್ಕು ಪುಟ ಬರೆಯಬೇಕೆನಿಸಿತು. ಮೀಸೆ ಗಡ್ಡಗಳ ಕಥೆ ಬೇರೆಯೇ ಒಂದು ಪುರಾಣ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ಕತ್ತಿನಿಂದ ಕೆಳಗಿನ ಕೂದಲಿನ ಮಾತಷ್ಟೆ ಇಲ್ಲಿಯದು.

ರೋಮಿನಲ್ಲಿ ಈ ಕೆಲಸಕ್ಕೆಂದೇ ಬೇರೆ ಆಳುಗಳಿದ್ದರು. ಅವರನ್ನು ಅಲಿಪಿಲಸ್ ಎನ್ನುತ್ತಿದ್ದರು; ಕಂಕುಳಿನ ಕೂದಲು ಕೀಳುವವನು ಎಂದು ಅರ್ಥ. ಕ್ರಿ.ಶ. ಒಂದನೆಯ ಶತಮಾನದ ತತ್ವಜ್ಞಾನಿ ಸೆನೆಕ ಒಮ್ಮೆ ಸ್ನಾನಗೃಹವೊಂದರ ಮೇಲಂತಸ್ತಿನಲ್ಲಿ ವಾಸವಾಗಿದ್ದ. ಅಲ್ಲಿ ಕಿವಿಗೆ ಬೀಳುತ್ತಿದ್ದ ಗಲಾಟೆಯನ್ನೆಲ್ಲ ಗೆಳೆಯನಿಗೆ ಕಾಗದ ಬರೆದು ತೋಡಿಕೊಂಡಿದ್ದಾನೆ. ಭಾರ ಎತ್ತುವವರ ಏದುಸಿರು, ನೀರಿಗೆ ಧುಮುಕುವವರ ಸದ್ದು, ತಿಂಡಿ ಮಾರುವವರ ಕೂಗು ಎಲ್ಲ ಅದರಲ್ಲಿದೆ. ಇವೆಲ್ಲಕ್ಕಿಂತ ಕರ್ಕಶವಾದದ್ದು ಈ ಕೂದಲು ಕೀಳುವವನ ಕೀರಲು ಧ್ವನಿಯಂತೆ. ಗಿರಾಕಿಗಳನ್ನು ಕರೆಯಲು ಅವನು ಕೂಗುತ್ತಲೇ ಇರುತ್ತಾನೆ; ಅವನ ಬಾಯಿ ಮುಚ್ಚುವುದು ಕಂಕುಳಿಗೆ ಕೈ ಹಾಕಿದಾಗ ಮಾತ್ರ, ಆಗ ಅವನ ಬದಲು ಗಿರಾಕಿ ಕಿರುಚತೊಡಗುತ್ತಾನೆ! ಎರಡು ಸಾವಿರ ವರ್ಷಗಳ ಹಿಂದಿನ ಈ ಹಾಸ್ಯ ಇಂದಿಗೂ ಹಳಸಿಲ್ಲ. ಮೇಣ ಹಚ್ಚಿಸಿಕೊಂಡು ಎಳೆಸಿಕೊಂಡವರನ್ನು ಕೇಳಿ ನೋಡಿ.

ಮೇಣ ಎಂದೆವು. ಅದರ ಪೂರ್ವಜನೂ ರೋಮಿನಲ್ಲೇ ಸಿಗುತ್ತಾನೆ. ವಿಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಕ್ರಿ.ಶ. 79ರಲ್ಲಿ ಪ್ರಾಣಬಿಟ್ಟ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಮರದ ರಾಳಗಳ ಗುಣಗಳನ್ನು ಹೇಳುತ್ತ ಹೋಗಿ ಒಂದು ಕಡೆ ತಡೆಯುತ್ತಾನೆ. ರಾಳಕ್ಕೆ ಈಗ ಹೆಚ್ಚಿನ ಬೆಲೆ ಬಂದಿರುವುದು ಗಂಡಸರ ಮೈಯಿಂದ ಕೂದಲು ಕೀಳುವುದಕ್ಕೆ, ಇದನ್ನು ಹೇಳಲು ನಾಚಿಕೆಯಾಗುತ್ತದೆ ಎಂಬ ಅರ್ಥದ ಮಾತು ಅದು. ನಾಚಿಕೊಂಡರೂ ಬರೆದಿಟ್ಟ, ಅದು ನಮ್ಮ ಪುಣ್ಯ. ಜೂಲಿಯಸ್ ಸೀಸರ್ ಮೈಗೂದಲನ್ನು ಕೀಳಿಸಿಕೊಳ್ಳುತ್ತಿದ್ದನೆಂದು ಕೆಲವರು ಅವನನ್ನು ಹಳಿಯುತ್ತಿದ್ದರು ಎಂದು ಚರಿತ್ರಕಾರ ಸುಯಟೋನಿಯಸ್ ಹೇಳುತ್ತಾನೆ. ಚಕ್ರವರ್ತಿ ಆಗಸ್ಟಸ್ ಕಾಲಿನ ಕೂದಲು ಮೃದುವಾಗಿ ಬೆಳೆಯಲೆಂದು ಕೆಂಡದಂತೆ ಕಾಯಿಸಿದ ಅಕ್ರೋಟಿನ ಚಿಪ್ಪಿನಿಂದ ಅದನ್ನು ಸುಡಿಸಿಕೊಳ್ಳುತ್ತಿದ್ದನೆಂಬ ಮಾತೂ ಅವನಲ್ಲೇ ಇದೆ. ಇದು ಎದುರಾಳಿಯೊಬ್ಬ ಆಡಿದ ನಿಂದೆ, ಆದ್ದರಿಂದ ಪೂರ್ತಿ ನಂಬಬೇಕಾಗಿಲ್ಲ. ಆದರೆ ನಿಂದೆಗೆ ವಸ್ತುವಾಗಬೇಕಾದರೆ ಅಂಥ ಪದ್ಧತಿ ಊರಿನಲ್ಲಿ ಇದ್ದಿರಲೇಬೇಕಷ್ಟೆ. ಸೆನೆಕನೇ ಇನ್ನೊಂದು ಕಾಗದದಲ್ಲಿ ಇಬ್ಬರನ್ನೂ ಬಯ್ದಿದ್ದಾನೆ. ಒಬ್ಬ ಕಾಲಿನ ಕೂದಲನ್ನೂ ಕೀಳಿಸುತ್ತಾನೆ, ಇನ್ನೊಬ್ಬ ಕಂಕುಳಿನದನ್ನೂ ಬಿಟ್ಟಿರುತ್ತಾನೆ. ಇಬ್ಬರಿಗೂ ಹದ ತಿಳಿಯದು ಎಂದು ಅವನ ಅಭಿಪ್ರಾಯ. ಕಂಕುಳು ಸರಿ, ಕಾಲು ಅತಿ: ಇದು ಅಂದಿನ ಮರ್ಯಾದಸ್ಥರ ಗೆರೆ.

ರಾಕ್ಸಿಟರಿನ ಚಿಮಟಗಳ ಬಗ್ಗೆ ಅಲ್ಲಿಯವರು ಕೊಡುವ ವಿವರಣೆಯೂ ಗಮನಿಸತಕ್ಕದ್ದು. ಕುಸ್ತಿ ಮುಂತಾದ ಆಟಗಳಿಗೆ ಇಳಿಯುವ ಗಂಡಸರು ಮೈಮೇಲೆ ಕಾಣುವ ಕೂದಲನ್ನು ತೆಗೆಸಿಕೊಳ್ಳಬೇಕಿತ್ತಂತೆ. ಇದಕ್ಕೆ ಸರಿಸಾಟಿಯಾದ ಸಂಗತಿ ನಮ್ಮ ಕಾಲದಲ್ಲೂ ಇದೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಜಾನ್ ಹೆನ್ರಿಕ್ಸ್, ಮರ್ರೇ ರೋಸ್ ಮೊದಲಾದ ಆಸ್ಟ್ರೇಲಿಯದ ಈಜುಗಾರರು ಮೈಯೆಲ್ಲ ಬೋಳಿಸಿಕೊಂಡು ನೀರಿಗಿಳಿದು ಪದಕಗಳನ್ನು ಬಾಚಿಕೊಂಡರು. ಆಗ ಅನೇಕರು ಇದನ್ನು ಬರಿಯ ಮನಸ್ಸಿನ ಧೈರ್ಯ ಎಂದುಕೊಂಡರು. 1989ರಲ್ಲಿ ಅಮೆರಿಕದ ಶಾರ್ಪ್ ಮತ್ತು ಕಾಸ್ಟಿಲ್ ಎಂಬ ಸಂಶೋಧಕರು ಈಜುಗಾರರನ್ನು ಕೂದಲು ತೆಗೆಯುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಈಜಿಸಿ ಅಳೆದು ನೋಡಿದರು. ಪ್ರತಿ ಬೀಸಿಗೆ ಸಾಗುವ ದೂರ ಹೆಚ್ಚಿತ್ತು, ರಕ್ತದಲ್ಲಿ ದಣಿವಿನ ಲ್ಯಾಕ್ಟಿಕ್ ಆಮ್ಲ ತಗ್ಗಿತ್ತು. ನೀರಿನ ತಡೆ ನಿಜವಾಗಿಯೇ ಕಡಿಮೆಯಾಗುತ್ತದೆ ಎಂದಾಯಿತು. ಈಜು ಕಲಿಯುವ ಮಗ ರೇಜರ್ ಕೇಳಿದರೆ ಗೊಣಗುವ ತಂದೆಯರು ಇದನ್ನು ನೆನಪಿಟ್ಟುಕೊಳ್ಳಬಹುದು. ಆದರೂ ಶಾಲೆಯ ಈಜುಕೊಳದಲ್ಲಿ ಮೂರನೆಯ ಸ್ಥಾನಕ್ಕೆ ಹೋರಾಡುವವನಿಗೆ ಇಷ್ಟೆಲ್ಲ ಬೇಕೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಅಂದಕ್ಕೆ ಮತ್ತು ಆಟಕ್ಕೆ ಮುಂಚೆ ಶುಚಿಯ ಕಾರಣ ಇತ್ತು. ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಕ್ರಿ.ಪೂ. ಐದನೆಯ ಶತಮಾನದಲ್ಲಿ ಈಜಿಪ್ಟಿನ ವಿಷಯ ಬರೆಯುವಾಗ, ಅಲ್ಲಿನ ಪುರೋಹಿತರು ದಿನ ಬಿಟ್ಟು ದಿನ ಇಡೀ ಮೈಯನ್ನು ಬೋಳಿಸಿಕೊಳ್ಳುತ್ತಾರೆ ಎಂದ. ದೇವರ ಸೇವೆ ಮಾಡುವವರ ಮೈಮೇಲೆ ಹೇನಾಗಲಿ ಇತರ ಹೊಲಸಾಗಲಿ ಇರಕೂಡದು ಎಂಬುದು ಅದಕ್ಕೆ ಅವನು ಕೊಟ್ಟ ಕಾರಣ. ಇದನ್ನು ಓದಿದಾಗ ನಮಗೆ ನೆನಪಾಗುವುದು ನಮ್ಮ ಶ್ರವಣಬೆಳಗೊಳ. ದಿಗಂಬರ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಗಳ ಕೂದಲನ್ನು ಬೂದಿ ಸವರಿ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಅದಕ್ಕೆ ಕೇಶಲೋಚ ಎನ್ನುತ್ತಾರೆ, ಮುನಿಗಳ 28 ಮೂಲಗುಣಗಳಲ್ಲಿ ಅದೂ ಒಂದು. ಕತ್ತಿ ಇಟ್ಟುಕೊಂಡರೆ ಅದು ಪರಿಗ್ರಹ, ಕ್ಷೌರಿಕನನ್ನು ಬೇಡಿದರೆ ಅದು ಪರಾಧೀನತೆ, ಕೂದಲು ಬೆಳೆಯಬಿಟ್ಟರೆ ಹೇನಾಗಿ ಅದಕ್ಕೆ ಹಿಂಸೆ. ಹಾಗಾಗಿ ಕೈಯೇ ಗತಿ. ಹೇನಿನಿಂದ ತನ್ನನ್ನು ಕಾಪಾಡಿಕೊಳ್ಳಲು ಒಬ್ಬ ಬೋಳಿಸಿಕೊಂಡ. ತನ್ನಿಂದ ಹೇನನ್ನು ಕಾಪಾಡಲು ಇನ್ನೊಬ್ಬ ಕಿತ್ತುಕೊಂಡ. ಕತ್ತಿನ ಮೇಲಿನ ಮಾತು ಬೇಡವೆಂದಿದ್ದೆವು, ನಿಜ. ಆದರೆ ಈ ಹೋಲಿಕೆಯನ್ನು ಬಿಡಲು ಮನಸ್ಸಾಗಲಿಲ್ಲ.

ನಮ್ಮ ಹಳೆಯ ಗ್ರಂಥಗಳಲ್ಲಿ ಗಂಡಸರ ಮೈಗೂದಲಿನ ವಿಚಾರ ಮುಚ್ಚುಮರೆಯಿಲ್ಲದೆ ಬರುತ್ತದೆ. ಧರ್ಮಶಾಸ್ತ್ರದವರು ವಪನ ಎಂದಾಗ ಕೇಶ, ಶ್ಮಶ್ರು, ಲೋಮ, ನಖ ಎಂದು ನಾಲ್ಕನ್ನು ಬೇರೆ ಬೇರೆ ಎಣಿಸುತ್ತಾರೆ: ತಲೆಗೂದಲು, ಗಡ್ಡ, ಮೈಗೂದಲು, ಉಗುರು. ಚರಕಸಂಹಿತೆ ಈ ನಾಲ್ಕನ್ನೂ ಪಕ್ಷಕ್ಕೆ ಮೂರು ಸಲ ತೆಗೆಸಬೇಕೆನ್ನುತ್ತದೆ. ಎಂದರೆ ಐದು ದಿನಕ್ಕೊಮ್ಮೆ. ವಾತ್ಸ್ಯಾಯನ ತನ್ನ ನಾಗರಿಕನಿಗೆ, ಎಂದರೆ ಪಟ್ಟಣದ ಅನುಕೂಲಸ್ಥ ಗೃಹಸ್ಥನಿಗೆ, ಒಂದು ದಿನಚರಿಯನ್ನೇ ಹಾಕಿಕೊಟ್ಟಿದ್ದಾನೆ. ಸ್ನಾನ ನಿತ್ಯ, ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆ ಬರುವ ಫೇನಕ ಮೂರು ದಿನಕ್ಕೊಮ್ಮೆ, ಮುಖಕ್ಷೌರ ನಾಲ್ಕು ದಿನಕ್ಕೊಮ್ಮೆ, ಉಳಿದ ಕಡೆಯದು ಐದು ಅಥವಾ ಹತ್ತು ದಿನಕ್ಕೊಮ್ಮೆ. ಐದೋ ಹತ್ತೋ ಎಂಬ ಈ ವಿಕಲ್ಪ ಯಾಕೆ ಎಂದು ಕೇಳಬಹುದು. ಕತ್ತಿಯಿಂದ ತೆಗೆದರೆ ಐದು, ಬುಡಸಹಿತ ಕಿತ್ತರೆ ಹತ್ತು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಕತ್ತರಿಸಿದ್ದು ಬೇಗ ತಲೆಯೆತ್ತುತ್ತದೆ, ಕಿತ್ತದ್ದು ನಿಧಾನ. ಇಂದಿನ ಅಂಗಡಿಯವರು ರೇಜರಿಗೂ ಮೇಣಕ್ಕೂ ಇರುವ ವ್ಯತ್ಯಾಸವನ್ನು ಹೇಳುವುದೂ ಇದೇ ಲೆಕ್ಕದಲ್ಲಿ.

ಇವೆಲ್ಲ ಆರೋಗ್ಯವಂತರ ಮಾತಾಯಿತು. ನಮ್ಮ ಕುತೂಹಲ ಹೆಚ್ಚಾಗಿ ಕೆರಳುವುದು ಸುಶ್ರುತನಲ್ಲಿ. ವ್ರಣಗಳಿಗೆ, ಎಂದರೆ ಗಾಯಗಳಿಗೆ, ಅವನು ಅರವತ್ತು ಬಗೆಯ ಉಪಕ್ರಮಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ಕೂದಲು ತೆಗೆಯುವುದು. ಅವನ ಮಾತಿನ ಷರತ್ತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ. ಎಲ್ಲ ಗಾಯಕ್ಕೂ ಎಂದು ಅವನು ಹೇಳಲಿಲ್ಲ. ಕೂದಲು ತುಂಬಿಕೊಂಡು ಯಾವ ಗಾಯ ಸರಿಯಾಗಿ ಮಾಯುವುದಿಲ್ಲವೋ ಅದರ ಕೂದಲನ್ನು ತೆಗೆಯಬೇಕು ಎಂದ. ಸಾಧನಗಳು ಮೂರು: ಕ್ಷುರ, ಕರ್ತರಿ, ಸಂದಂಶ. ನಮ್ಮ ಮಾತಿನಲ್ಲಿ ಕತ್ತಿ, ಕತ್ತರಿ, ಚಿಮಟ. ಇವುಗಳ ಜೊತೆಗೆ ಒಂದು ಲೇಪವನ್ನೂ ಕೊಟ್ಟಿದ್ದಾನೆ. ಶಂಖದ ಪುಡಿ ಎರಡು ಪಾಲು, ಹರಿತಾಳ ಒಂದು ಪಾಲು, ಹುಳಿಸಿದ ದ್ರವದಲ್ಲಿ ಅರೆದು ಹಚ್ಚುವುದು.

ಹರಿತಾಳವೆಂದರೆ ಗ್ರಂಥಿಗೆ ಅಂಗಡಿಯ ಹಳದಿ ಖನಿಜ. ಗಂಧಕದ ಜೊತೆ ಪಾಷಾಣ, ಎಂದರೆ ಆರ್ಸೆನಿಕ್, ಕೂಡಿದ್ದು. ಶಂಖವನ್ನು ಸುಟ್ಟರೆ ಬರುವುದು ಸುಣ್ಣ. ಸುಣ್ಣ ಮತ್ತು ಹರಿತಾಳದ ಈ ಜೋಡಿ ಬೇರೆ ಕಡೆಯೂ ಇದೆ. ಪಶ್ಚಿಮ ಏಷ್ಯದ ಹಮಾಮುಗಳಲ್ಲಿ ಇದಕ್ಕೆ ನೂರಾ ಎಂದು ಹೆಸರು. ಇಸ್ಲಾಮಿನಲ್ಲಿ ಕಂಕುಳು ಮತ್ತು ಗುಪ್ತಾಂಗದ ಕೂದಲನ್ನು ನಲವತ್ತು ದಿನಕ್ಕಿಂತ ಹೆಚ್ಚು ಕಾಲ ಬಿಡಬಾರದೆಂದು ಹದೀಸು ಹೇಳುವುದರಿಂದ ಗಂಡಸರ ಸ್ನಾನಗೃಹದಲ್ಲೂ ಅದು ನಿತ್ಯದ ವಸ್ತುವಾಗಿತ್ತು. ತುರ್ಕರ ರಾಜ್ಯದಲ್ಲಿ ಸುತ್ತಾಡಿದ ಪಿಯೇರ್ ಬೆಲೋನ್ ಎಂಬ ಫ್ರೆಂಚ್ ಪ್ರಕೃತಿತಜ್ಞ 1553ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದೇ ಕೆಲಸಕ್ಕೆ ಬರುವ ರುಸ್ಮಾ ಎಂಬ ಖನಿಜದ ವಿಷಯ ಬರೆದು, ಯೂರೋಪಿನವರನ್ನು ಬೆರಗುಗೊಳಿಸಿದ. ತೊಗಲು ಹದ ಮಾಡುವವರೂ ಹಸಿ ಚರ್ಮದ ಕೂದಲು ಉದುರಿಸಲು ಸುಣ್ಣವನ್ನೂ ಗಂಧಕದ ಖನಿಜಗಳನ್ನೂ ಬಳಸುತ್ತಿದ್ದರು. ಅರಮನೆಯ ಸ್ನಾನದ ಮನೆಗೂ ಊರಾಚೆಯ ತೊಗಲಿನ ತೊಟ್ಟಿಗೂ ಒಂದೇ ಮದ್ದು.

ಇದು ಕೆಲಸ ಮಾಡುವ ಬಗೆ ಸರಳ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವುದು ಗಂಧಕದ ಬೆಸುಗೆಗಳು. ಸುಣ್ಣದ ಕ್ಷಾರ ಕೂದಲನ್ನು ಉಬ್ಬಿಸಿ ಸಡಿಲಿಸುತ್ತದೆ. ಸುಣ್ಣ ಮತ್ತು ಹರಿತಾಳ ಕೂಡಿ ಹುಟ್ಟುವ ಸಲ್ಫೈಡು ಆ ಬೆಸುಗೆಗಳನ್ನು ಬಿಡಿಸುತ್ತದೆ. ಕೂದಲು ಕರಗಿ ಲೋಳೆಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ತೊಂದರೆಯೆಂದರೆ ನಮ್ಮ ಚರ್ಮದ ಮೇಲ್ಪದರವೂ ಇದೇ ಕೆರಾಟಿನ್. ಸ್ವಲ್ಪ ಹೊತ್ತು ಹೆಚ್ಚಾಗಿ ಬಿಟ್ಟರೆ ಮದ್ದಿಗೆ ಕೂದಲು ಯಾವುದು, ಚರ್ಮ ಯಾವುದು ಎಂಬ ಭೇದ ಉಳಿಯುವುದಿಲ್ಲ. ಸುಟ್ಟ ಚರ್ಮದ ಮೂಲಕ ಪಾಷಾಣ ಒಳಗಿಳಿದರೆ ಇನ್ನೂ ಕೇಡು. ಹಿಂದಿನವರದೆಲ್ಲ ಅಮೃತ, ಇಂದಿನದೆಲ್ಲ ವಿಷ ಎನ್ನುವವರು ಈ ಲೇಪವನ್ನು ಒಮ್ಮೆ ನೆನೆಯಬೇಕು. ಈಗ ಔಷಧಿ ಅಂಗಡಿಯಲ್ಲಿ ಸಿಗುವ ಕ್ರೀಮುಗಳಲ್ಲಿ ಪಾಷಾಣವಿಲ್ಲ. ಅದರ ಜಾಗಕ್ಕೆ ಥಯೋಗ್ಲೈಕೊಲೇಟ್ ಎಂಬ ಗಂಧಕದ ಸಂಯುಕ್ತ ಬಂದಿದೆ. ಕ್ಷಾರ ಮಾತ್ರ ಹಾಗೆಯೇ ಇದೆ. ಆದ್ದರಿಂದ ಡಬ್ಬಿಯ ಮೇಲೆ ಬರೆದಿರುವ ನಿಮಿಷಗಳ ಲೆಕ್ಕ ಅಲಂಕಾರಕ್ಕಲ್ಲ. ಎದೆಗೆಂದು ತಂದದ್ದನ್ನು ಎಲ್ಲೆಂದರಲ್ಲಿ ಹಚ್ಚಿಕೊಳ್ಳಬಾರದು ಎಂಬುದನ್ನೂ ಸೂಕ್ಷ್ಮವಾಗಿ ತಿಳಿಸುತ್ತೇವೆ.

ಲೇಸರಿನ ವಿಷಯ ಕೇಳುವ ಯುವಕರಿಗಾಗಿ ಎರಡು ಮಾತು. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವೈದ್ಯರು ಅದರ ತತ್ವವನ್ನು ಪ್ರಕಟಿಸಿದರು. ಬೆಳಕನ್ನು ಕಪ್ಪು ಬಣ್ಣ ಹೀರುತ್ತದೆ. ಕೂದಲಿನ ಬುಡದ ಕಪ್ಪು ಅದನ್ನು ಹೀರಿ ಕಾಯ್ದು ಬುಡವನ್ನೇ ಸುಡುತ್ತದೆ. ಬಿಳಿಯ ಚರ್ಮ, ಕಪ್ಪು ಕೂದಲು ಇದ್ದವರಿಗೆ ಇದು ಸುಲಭ. ನಮ್ಮಂಥವರಲ್ಲಿ ಚರ್ಮವೂ ಆ ಬೆಳಕನ್ನು ಹೀರುವುದರಿಂದ ಸುಟ್ಟು ಕಲೆಯಾಗುವ ಭಯ ಹೆಚ್ಚು. ಅದಕ್ಕಾಗಿ 1064 ನ್ಯಾನೊಮೀಟರಿನ, ಚರ್ಮದ ಬಣ್ಣ ಕಡಿಮೆ ಹೀರುವ ಲೇಸರನ್ನು ಬಳಸುತ್ತಾರೆ. ಹಣ ಕೊಡುವ ಮೊದಲು ಅಲ್ಲಿ ಯಾವ ಯಂತ್ರವಿದೆಯೆಂದು ಕೇಳುವುದು ಮಾನಹಾನಿಯಲ್ಲ. ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಮಾತ್ರ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಎಲ್ಲವೂ ಹೋಗಿಬಿಡುತ್ತದೆ ಎನ್ನುವುದಕ್ಕಲ್ಲ.

ಇನ್ನು ಕತ್ತಿಯ ವಿಚಾರ. ಕತ್ತಿಯೆಂದ ಮೇಲೆ ಅದನ್ನು ಹಿಡಿದ ಕೈಯ ವಿಚಾರವೂ ಬರಬೇಕು. ಈ ದೇಶದಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಸೇರಿಸಿ ಲಂಡನ್ನಿನಲ್ಲಿ ಒಂದೇ ಸಂಘ ಮಾಡಿದರು. 1745ರಲ್ಲಿ ಅವರು ಬೇರೆಯಾದರು. ಬೇರೆಯಾದ ಮೇಲೆ ಒಬ್ಬರು ಮೇಲಕ್ಕೆ ಹೋದರು, ಇನ್ನೊಬ್ಬರು ಬೀದಿಯ ಅಂಗಡಿಯಲ್ಲೇ ಉಳಿದರು. ನಮ್ಮ ನಾಡಿನಲ್ಲೂ ಕತ್ತಿ ಹಿಡಿದ ಮನೆತನದವರೇ ಕುರು ಒಡೆಯುತ್ತಿದ್ದರು, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ಎಷ್ಟೋ ಕಡೆ ಅವರ ಮನೆಯ ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು. ಹುಟ್ಟಿನಿಂದ ಸಾವಿನವರೆಗೆ ಅವರಿಲ್ಲದೆ ಯಾವ ಶುದ್ಧಿಯೂ ನಡೆಯುತ್ತಿರಲಿಲ್ಲ. ಆದರೂ ಕ್ಷೌರ ಮುಗಿದೊಡನೆ, ಮುಟ್ಟಿದ ಕೈ ಮೈಲಿಗೆಯೆಂದು ಸ್ನಾನಕ್ಕೆ ಓಡುತ್ತಿದ್ದೆವು. ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡೆವು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದು ವಚನಗಳನ್ನು ರಚಿಸಿದ ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನೆನೆಯುವ ಸಮಾಜ ಅದು. ಹೊರದೇಶದಲ್ಲಿ ಕುಳಿತು ಬಸವ ಜಯಂತಿ ಮಾಡುವ ನಾವು ಇಷ್ಟನ್ನಾದರೂ ನೆನಪಿಡಬೇಕು.

ಮೈಲಿಗೆ ಯಾರಿಂದ ಯಾರಿಗೆ ದಾಟುತ್ತಿತ್ತು ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ವಿಚಿತ್ರ ಸಾಕ್ಷಿಯಿದೆ. ಗಂಡಸರಲ್ಲಿ, ಮುಖ್ಯವಾಗಿ ಮೈಯಲ್ಲಿ ಕೂದಲು ಹೆಚ್ಚಿರುವ ತರುಣರಲ್ಲಿ, ಬೆನ್ನಿನ ಕೆಳತುದಿಯ ಸೀಳಿನಲ್ಲಿ ಕೀವಿನ ಕುಳಿಯಾಗುವ ರೋಗವೊಂದುಂಟು. ಪೈಲೊನೈಡಲ್ ಸೈನಸ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಇದರಿಂದ ಆಸ್ಪತ್ರೆ ಸೇರಿದರು. ಜೀಪಿನಲ್ಲಿ ಕುಲುಕಾಡಿ ಬರುವುದೆಂದು 1944ರಲ್ಲಿ ಬ್ಯೂಯಿ ಎಂಬ ವೈದ್ಯರು ಇದನ್ನು ಜೀಪಿನ ರೋಗ ಎಂದು ಕರೆದರು. ಆ ಕುಳಿ ಹುಟ್ಟಿನಿಂದಲೇ ಬರುವುದೆಂದು ಆಗ ಬಹುಮಂದಿ ನಂಬಿದ್ದರು. ಲಂಡನ್ನಿನ ಪೇಟಿ ಮತ್ತು ಸ್ಕಾರ್ಫ್ ಎಂಬ ವೈದ್ಯರು 1948ರಲ್ಲಿ ಇಂಥದೇ ಕುಳಿಯನ್ನು ಬೇರೊಂದು ಜಾಗದಲ್ಲಿ ವರ್ಣಿಸಿದರು. ಅದು ಒಬ್ಬ ಕ್ಷೌರಿಕನ ಕೈಬೆರಳುಗಳ ಸಂದು. ಅಲ್ಲಿ ಹುಟ್ಟಿನಿಂದ ಕೂದಲು ಇರಲಾರದು. ಗಿರಾಕಿಗಳ ಕತ್ತರಿಸಿದ ಕೂದಲಿನ ಚೂಪಾದ ತುಂಡುಗಳು ಬೆರಳ ಸಂದಿನ ಮೆತ್ತನೆಯ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಹೋಗಿದ್ದವು. ಬೆನ್ನಿನಲ್ಲಿ ಆಗುವುದೂ ಹೀಗೆಯೇ ಇರಬೇಕು, ಕೂದಲೇ ಹೊರಗಿನಿಂದ ಕೊರೆದುಕೊಂಡು ಹೋಗುತ್ತದೆ ಎಂಬ ವಾದಕ್ಕೆ ಆ ಕೈ ದೊಡ್ಡ ಆಧಾರವಾಯಿತು. ಸೈನಿಕರ ರೋಗದ ಗುಟ್ಟು ಬಿಚ್ಚಿದ್ದು ಕ್ಷೌರಿಕನ ಬೆರಳಿನ ಸಂದಿನಲ್ಲಿ. ಕೂದಲಿರುವ ಗಾಯ ಮಾಯದು ಎಂಬ ಸುಶ್ರುತನ ಮಾತಿಗೂ ಇದು ಒಂದು ನಿದರ್ಶನ.

ಕೂದಲು ಗಾಯದ ಶತ್ರು ಎಂದ ಮೇಲೆ ಶಸ್ತ್ರಚಿಕಿತ್ಸೆಗೆ ಮುಂಚೆ ಅದನ್ನು ತೆಗೆದುಬಿಡುವುದೇ ಒಳ್ಳೆಯದು ಎಂದು ಆಸ್ಪತ್ರೆಗಳು ಬಹುಕಾಲ ನಂಬಿದ್ದವು. ನಮ್ಮ ಹಿರಿಯರಲ್ಲಿ ಹರ್ನಿಯಾಕ್ಕೋ ಅಪೆಂಡಿಕ್ಸಿಗೋ ಕೊಯ್ಸಿಕೊಂಡವರನ್ನು ಕೇಳಿ. ಹಿಂದಿನ ಸಂಜೆ ಒಬ್ಬ ಬಂದು, ಹಾಸಿಗೆಯ ಸುತ್ತ ಪರದೆ ಎಳೆದು, ಎದೆಯಿಂದ ತೊಡೆಯವರೆಗೆ ಬೋಳಿಸಿ ಹೋಗುತ್ತಿದ್ದ. ಊರಿನ ದೊಡ್ಡಾಸ್ಪತ್ರೆಗಳಲ್ಲಿ ಕ್ಷೌರಿಕನೆಂಬ ಹುದ್ದೆಯೇ ಇತ್ತು. ನಾಳೆ ಹೊಟ್ಟೆ ಕೊಯ್ಯುತ್ತಾರೆಂಬ ಭಯಕ್ಕಿಂತ ಆ ಸಂಜೆಯ ನಾಚಿಕೆಯೇ ದೊಡ್ಡದಾಗಿತ್ತೆಂದು ಹೇಳುವವರಿದ್ದಾರೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಕೂದಲು ಕೊಳಕು, ಬೋಳು ಶುಚಿ, ಇದರಲ್ಲಿ ಕೇಳುವುದೇನಿದೆ?

1971ರಲ್ಲಿ ಅಮೆರಿಕದ ಸೆರೋಪಿಯನ್ ಮತ್ತು ರೆನಾಲ್ಡ್ಸ್ ಎಂಬ ಇಬ್ಬರು ವೈದ್ಯರು ಎಣಿಸಿ ನೋಡಿದರು. ಅವರ ಲೆಕ್ಕದಲ್ಲಿದ್ದ ರೋಗಿಗಳು 406 ಮಂದಿ. ರೇಜರಿನಿಂದ ಬೋಳಿಸಿದವರಲ್ಲಿ ನೂರಕ್ಕೆ 5.6 ಮಂದಿಯ ಗಾಯ ಕೀವಾಯಿತು. ಕ್ರೀಮಿನಿಂದ ತೆಗೆದವರಲ್ಲಿ, ಇಲ್ಲವೆ ಏನೂ ತೆಗೆಯದೆ ಬಿಟ್ಟವರಲ್ಲಿ, ಅದು ನೂರಕ್ಕೆ 0.6 ಮಾತ್ರ. ಒಂಬತ್ತು ಪಟ್ಟು ವ್ಯತ್ಯಾಸ! ಯಾವಾಗ ಬೋಳಿಸಿದರು ಎಂಬುದನ್ನೂ ಅವರು ನೋಡಿದರು. ಕೊಯ್ಯುವುದಕ್ಕೆ ಸ್ವಲ್ಪ ಮುಂಚೆ ಬೋಳಿಸಿದ್ದರೆ ನೂರಕ್ಕೆ 3.1, ಇಪ್ಪತ್ತನಾಲ್ಕು ಗಂಟೆಯ ಒಳಗೆ ಬೋಳಿಸಿದ್ದರೆ 7.1, ಅದಕ್ಕೂ ಮುಂಚೆ ಆಗಿದ್ದರೆ ಇಪ್ಪತ್ತಕ್ಕಿಂತ ಹೆಚ್ಚು. ಎಂದರೆ ಹಿಂದಿನ ಸಂಜೆ ಪರದೆ ಎಳೆದು ಮಾಡುತ್ತಿದ್ದ ಆ ಕೆಲಸವೇ ಕೀವಿಗೆ ಬೀಜ ಬಿತ್ತುತ್ತಿತ್ತು. ಎರಡು ವರ್ಷದ ಮೇಲೆ, 1973ರಲ್ಲಿ, ಕೆನಡದ ಕ್ಯಾಲ್ಗರಿಯಿಂದ ಕ್ರೂಸ್ ಮತ್ತು ಫೋರ್ಡ್ ಎಂಬವರು 23,649 ಗಾಯಗಳ ಲೆಕ್ಕವನ್ನು ಪ್ರಕಟಿಸಿದರು. ಬೋಳಿಸಿದವರಲ್ಲಿ ಸೋಂಕು ನೂರಕ್ಕೆ ಎರಡಕ್ಕಿಂತ ಹೆಚ್ಚು; ಮುಟ್ಟದೆ ಬಿಟ್ಟವರಲ್ಲಿ ಒಂದಕ್ಕಿಂತ ಕಡಿಮೆ.

ಕಾರಣ ಇಷ್ಟೆ. ಎಷ್ಟೇ ನಾಜೂಕಾಗಿ ಎಳೆದರೂ ಕತ್ತಿ ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಅಲ್ಲಲ್ಲಿ ಹೆರೆಯುತ್ತದೆ. ಕಣ್ಣಿಗೆ ಕಾಣದ ಆ ಗೀರುಗಳಲ್ಲಿ ರಸ ಒಸರುತ್ತದೆ. ಚರ್ಮದ ಮೇಲೆ ಸದಾ ಇರುವ ರೋಗಾಣುಗಳಿಗೆ ಅದು ಊಟ, ರಾತ್ರಿಯೆಲ್ಲ ಅವು ಬೆಳೆಯಲು ಹೊತ್ತು ಸಿಗುತ್ತದೆ. ಬೆಳಿಗ್ಗೆ ಶಸ್ತ್ರವೈದ್ಯ ಬಂದು ಅದರ ನಡುವೆಯೇ ಕೊಯ್ಯುತ್ತಾನೆ. ಬೋಳಿಸಿದ ಕ್ಷೌರಿಕನ ತಪ್ಪು ಇದರಲ್ಲಿ ಏನೂ ಇಲ್ಲ; ಅವನು ಹೇಳಿದ ಕೆಲಸ ಮಾಡಿದ. ಹೇಳಿದವರು ಎಣಿಸಿರಲಿಲ್ಲ.

ಲೆಕ್ಕ ಅಚ್ಚಾದ ಮೇಲೂ ರೇಜರು ವಾರ್ಡುಗಳಿಂದ ಸುಲಭವಾಗಿ ಕದಲಲಿಲ್ಲ. ಈ ದೇಶದ ನೈಸ್ ಸಂಸ್ಥೆ 2008ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಸೋಂಕು ತಡೆಯುವ ಹೆಸರಿನಲ್ಲಿ ಕೂದಲು ತೆಗೆಯುವ ವಾಡಿಕೆ ಬೇಡ, ತೆಗೆಯಲೇಬೇಕಾದರೆ ಅದೇ ದಿನ ವಿದ್ಯುತ್ತಿನ ಕ್ಲಿಪ್ಪರಿನಿಂದ, ಒಮ್ಮೆ ಬಳಸಿ ಎಸೆಯುವ ತಲೆ ಹಾಕಿ ಕತ್ತರಿಸಬೇಕು, ರೇಜರು ಮುಟ್ಟಕೂಡದು ಎಂದಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿತು: ತೆಗೆಯಬೇಡಿ, ಅನಿವಾರ್ಯವಾದರೆ ಕ್ಲಿಪ್ಪರ್ ಮಾತ್ರ, ಬೋಳಿಸುವುದಂತೂ ಯಾವ ಕಾಲಕ್ಕೂ ಬೇಡ. ಕೂದಲು ಅಡ್ಡಿಯಾದರೆ ಮಾತ್ರ ತೆಗೆ ಎಂಬ ಸುಶ್ರುತನ ಷರತ್ತಿನ ಹತ್ತಿರಕ್ಕೆ ಇವರೂ ಬಂದು ನಿಂತರು. ಅದಕ್ಕಾಗಿ ಅವನಿಗೆ ಎಲ್ಲವೂ ಗೊತ್ತಿತ್ತೆಂದು ನಾವು ಕುಣಿಯಬೇಕಾಗಿಲ್ಲ. ಅವನ ಸಾಧನಗಳಲ್ಲಿ ಕ್ಷುರವೇ ಮೊದಲನೆಯದು, ಅವನ ಲೇಪದಲ್ಲಿ ಪಾಷಾಣವಿತ್ತು. ರೋಗಾಣುವಿನ ಕಲ್ಪನೆ ಅವನಿಗೂ ಇರಲಿಲ್ಲ, 1745ರ ಲಂಡನ್ನಿನವರಿಗೂ ಇರಲಿಲ್ಲ.

ನಮ್ಮ ಸಂಘದ ಹಿರಿಯರಲ್ಲಿ ಮಂಡಿ ಬದಲಾಯಿಸಿಕೊಳ್ಳಲು, ಹರ್ನಿಯಾ ಸರಿಪಡಿಸಿಕೊಳ್ಳಲು ಸರದಿ ಕಾಯುತ್ತಿರುವವರು ಕೆಲವರಿದ್ದಾರೆ. ಆಸ್ಪತ್ರೆಗೆ ಹೋಗುವ ಮುನ್ನ ಮರ್ಯಾದೆಗೆಂದು ಮನೆಯಲ್ಲೇ ಕಾಲು, ಹೊಟ್ಟೆ ಬೋಳಿಸಿಕೊಂಡು ಹೋಗುವ ಅಭ್ಯಾಸ ನಮ್ಮ ಗಂಡಸರಲ್ಲಿ ಇನ್ನೂ ಉಳಿದಿದೆ. ಊರಿನಿಂದ ಬಂದ ಅಪ್ಪಂದಿರು, ಮಾವಂದಿರು ಅದನ್ನು ಕಡ್ಡಾಯವೆಂದೇ ತಿಳಿದಿರುತ್ತಾರೆ. ಅವರ ಚೀಲ ಕಟ್ಟುವಾಗ ರೇಜರನ್ನು ತೆಗೆದಿಡಿ. ಕೂದಲು ತೆಗೆಯಬೇಕೇ ಬೇಡವೇ ಎಂಬುದನ್ನು ಆ ದಿನ ಬೆಳಿಗ್ಗೆ ಅಲ್ಲಿಯವರೇ ನೋಡಿ ಹೇಳುತ್ತಾರೆ, ಅಲ್ಲಿ ಕ್ಲಿಪ್ಪರ್ ಇರುತ್ತದೆ.